ಲಿಫ್ಟಿಗಾಗಿ ಒಂದು ಸಂಜೆ

“ಈ ಮೆಟ್ಟಿಲು ಕಟ್ಟಿದ ಪುಣ್ಯಾತ್ಮ ಯಾರಪ್ಪಾ?”

ಟೈಲರಮ್ಮ ಕೇಳಿದ್ದು ಯಾರನ್ನೂ ಅಲ್ಲ. ಮೆಟ್ಟಿಲು ತಿರುಗುವ ಕಡೆ ಒಂದು ಕೈ ಗೋಡೆಗೆ, ಇನ್ನೊಂದು ಮಂಡಿಗೆ ಕೊಟ್ಟು ನಿಂತು, ಮುಂದೆ ಉಳಿದಿದ್ದ ಮೆಟ್ಟಿಲುಗಳನ್ನೇ ನೋಡುತ್ತ ಕೇಳಿದ್ದರು. ಹಿಂದೆ ಕನ್ನಡಕದಂಗಡಿಯವನು ಬರುತ್ತಿದ್ದ. ಆ ಮೆಟ್ಟಿಲು ಎಷ್ಟು ಇಕ್ಕಟ್ಟೆಂದರೆ ಮುಂದಿದ್ದವರು ನಿಂತರೆ ಹಿಂದಿದ್ದವರೂ ನಿಲ್ಲಲೇಬೇಕು. ಅವನೂ ನಿಂತ.

ಮೇಲೆ ಸಭಾಂಗಣದಲ್ಲಿ ಅಧ್ಯಕ್ಷರು ಆಗಲೇ ಬಂದು ಕುಳಿತಿದ್ದರು. ನಿವೃತ್ತ ಹೆಡ್‌ಮಾಸ್ತರರು, ಇಡೀ ಬೀದಿಗೆ ‘ಮೇಷ್ಟ್ರು’. ಅವರೆದುರು ಮೈಕಿನವನು ಮಡಿಸುವ ಕುರ್ಚಿಯೊಂದನ್ನು ತಿರುಗಿಸಿ ಹಾಕಿಕೊಂಡು, ಅದರ ಬೆನ್ನಿಗೆ ಗಲ್ಲ ಊರಿ ಕೂತಿದ್ದ. ಬೀದಿಯಲ್ಲಿ ಯಾವ ಕಾರ್ಯಕ್ರಮವಾದರೂ ಮೈಕು, ದೀಪ, ಕುರ್ಚಿ ಎಲ್ಲ ಅವನದೇ. ಎಲ್ಲರಿಗಿಂತ ದೊಡ್ಡ ಗಂಟಲೂ ಅವನದೇ. ಈ ನಾಲ್ವರೇ ಸಮಿತಿ. ಕನ್ನಡಕದವನು ಕಾರ್ಯದರ್ಶಿ. ಯಾರನ್ನು ಮಾಡೋಣ ಎಂದು ಕೇಳಿದ ದಿನ ಅವನೊಬ್ಬ ಸಭೆಗೆ ಬಂದಿರಲಿಲ್ಲವಾದ್ದರಿಂದ ಆ ಪಟ್ಟ ಅವನ ತಲೆಗೆ ಬಂದಿತ್ತು.

ಈ ಸಮಿತಿ ಹಿಂದೆಯೂ ಇಂಥ ಸಂಜೆಗಳನ್ನು ಮಾಡಿತ್ತು. ಬೆಂಕಿ ಬಿದ್ದ ಬೇಕರಿಗಾಗಿ ಹಾಡಿಸಿತ್ತು, ಶಾಲೆಯ ಚಾವಣಿಗಾಗಿ ನಾಟಕ ಆಡಿಸಿತ್ತು. ಈ ಸಲದ್ದು ಲಿಫ್ಟಿಗಾಗಿ. ಕಟ್ಟಡದ ಹಿಂಗೋಡೆಗೆ ಒರಗಿಸಿ ಒಂದು ಸಣ್ಣ ಲಿಫ್ಟು ಹಾಕಬಹುದೆಂದು ಕಂಪನಿಯವನು ಬಂದು ಅಳೆದು ಹೋಗಿದ್ದ. ಮಂಡಿನೋವಿನವರು, ಮುದುಕರು, ಬಸುರಿಯರು ಎಲ್ಲರಿಗೂ ಅನುಕೂಲ ಎಂದು ಆಮಂತ್ರಣದಲ್ಲಿ ಬರೆದಿದ್ದರು. ಆದರೆ ಅದು ಯಾರಿಗಾಗಿ ಎಂಬುದು ಬೀದಿಗೆಲ್ಲ ಗೊತ್ತಿತ್ತು. ಅದು ಕನ್ನಡಕದವನ ತಂಗಿಗಾಗಿ.

“ಮೊದಲು ಮಕ್ಕಳ ಹಾಡು,” ಎಂದರು ಮೇಷ್ಟ್ರು. “ಆಮೇಲೆ ನನ್ನ ನಾಲ್ಕು ಮಾತು. ಆಮೇಲೆ ಪದ್ಯದಜ್ಜನ ವಾಚನ. ಕೊನೆಗೆ ಟೈಲರಮ್ಮನ ಹೊದಿಕೆಗಳ ಹರಾಜು.”

“ನಿಮ್ಮ ಮಾತನ್ನ ಹರಾಜಾದ ಮೇಲೆ, ಕೊನೆಗೆ ಇಡಿ ಮೇಷ್ಟ್ರೇ,” ಎಂದ ಮೈಕಿನವನು. “ಬಾಗಿಲಲ್ಲಿ ನಾನು ಡಬ್ಬಿ ಹಿಡ್ಕೊಂಡು ನಿಂತಿರ್ತೀನಿ. ಬಿಟ್ರೆ ಸಾಕು ಅಂತ ಜನ ಕೈಗೆ ಸಿಕ್ಕಿದ್ದು ಹಾಕಿ ಓಡ್ತಾರೆ.”

ಟೈಲರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಮೇಷ್ಟ್ರು ಕೇಳಿಸಿಕೊಳ್ಳದವರ ಹಾಗೆ ಕೈಗಡಿಯಾರ ನೋಡಿದರು. ಯಾವುದು ಮೊದಲು, ಯಾವುದು ಆಮೇಲೆ ಎಂದು ಹೊತ್ತು ಹೋಗುವ ತನಕ ಹಗ್ಗಜಗ್ಗಾಟ ನಡೆಯಿತು. ಎಲ್ಲಿ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಎತ್ತಲಿಲ್ಲ. ಅದು ಪ್ರಶ್ನೆಯೆಂದೇ ಯಾರಿಗೂ ಅನ್ನಿಸಲಿಲ್ಲ.

ಅದನ್ನು ಕೇಳಿದವಳು ತಂಗಿ, ಮರುದಿನ ಬೆಳಿಗ್ಗೆ.

ಸಭಾಂಗಣದ ಕೆಳಗೇ ಅವರ ಅಂಗಡಿ. ಮುಂದೆ ಗಾಜಿನ ಕಪಾಟು, ಗಿರಾಕಿಗಳ ಕನ್ನಡಿ. ಹಿಂದೆ ಕಿಟಕಿಯ ಕಡೆ ತಂಗಿಯ ಮೇಜು. ಅವಳ ಗಾಲಿಕುರ್ಚಿ ಸರಾಗವಾಗಿ ಒಳಗೆ ಸೇರುವಂತೆ ಮೇಜಿನ ಕಾಲುಗಳನ್ನು ಅಣ್ಣನೇ ಎತ್ತರಿಸಿದ್ದ. ಬೆನ್ನುಹುರಿಗೆ ಕಾಯಿಲೆ ಬಂದು ಕಾಲು ಹೋದ ಮೇಲೂ ಅವಳ ಕೈಕೆಲಸ ಮೊದಲಿನ ಹಾಗೇ ಇತ್ತು. ಬಿಸಿ ಮಣಿಗಳ ಬಟ್ಟಲಲ್ಲಿ ಕನ್ನಡಕದ ಕಡ್ಡಿಯನ್ನು ಅದ್ದಿ ಮೆತ್ತಗಾಗಿಸಿ, ಗಿರಾಕಿಯ ಕಿವಿಯನ್ನೊಮ್ಮೆ ನೋಡಿ, ಹಾಗೇ ಬೆರಳಲ್ಲಿ ಬಾಗಿಸುತ್ತಿದ್ದಳು.

“ಎಲ್ಲಿ ಮಾಡ್ತೀರಂತೆ ಅಣ್ಣಾ?”

“ಎಲ್ಲಿ ಅಂದ್ರೆ? ಇನ್ನೆಲ್ಲಿ, ಮೇಲೆ.”

ಹೇಳಿದ ಮೇಲೆ ಅವನ ಮಾತು ಅವನ ಕಿವಿಗೇ ಬಿತ್ತು. ತಂಗಿ ಕೈಯಲ್ಲಿದ್ದ ಫ್ರೇಮನ್ನು ಮೇಜಿನ ಮೇಲಿಟ್ಟಳು. ಮೊದಲು ಭುಜ ಅಲುಗಿತು, ಆಮೇಲೆ ನಗು ಹೊರಗೆ ಬಂತು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಗಾಜು ಒರೆಸುವ ಬಟ್ಟೆಯನ್ನೇ ಎತ್ತಿಕೊಂಡಳು. ಅವನೂ ಜೊತೆಗೆ ನಕ್ಕ. ಅವಳಿಗಿಂತ ಮೊದಲೇ ಅವನ ನಗು ನಿಂತುಹೋಯಿತು.

“ನಾನು ಹೋಗಿ ಹೇಳ್ತೀನಿ.”

“ಹೇಳು. ಹೇಳೋವಾಗ ಅಳಬೇಡ ಮಾರಾಯ, ಆಮೇಲೆ ನಿನಗೇ ಒಂದು ಸಹಾಯನಿಧಿ ಮಾಡಿಬಿಟ್ಟಾರು.”

ಅವಳಿಗೆ ಬೇಕಾಗಿದ್ದದ್ದು ಮೇಲಿನ ಆ ಉದ್ದನೆಯ ಕೋಣೆ, ಅದರಲ್ಲಿ ವಾರಕ್ಕೊಮ್ಮೆ ನಡೆಯುವ ಕಾವ್ಯವಾಚನ. ಅಂಚೆ ಹಂಚುವ ಕೆಲಸದಿಂದ ನಿವೃತ್ತರಾದ ಮುದುಕರೊಬ್ಬರು ಅಲ್ಲಿ ಹಳೆಯ ಕಥಾಕಾವ್ಯವೊಂದನ್ನು ರಾಗವಾಗಿ ಓದುತ್ತಿದ್ದರು. ಬೀದಿ ಅವರನ್ನು ಪದ್ಯದಜ್ಜ ಎಂದೇ ಕರೆಯುತ್ತಿತ್ತು. ಕಾಲಿದ್ದಾಗ ತಂಗಿ ಮೊದಲ ಸಾಲಿನಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದಳು. ಈಗ ಕೆಳಗೆ, ಮೆಟ್ಟಿಲಿನ ಬಾಗಿಲು ತೆರೆದಿಟ್ಟುಕೊಂಡು ಕೇಳುತ್ತಾಳೆ. ಅಜ್ಜನ ದನಿ ಮೆಟ್ಟಿಲಿಳಿದು ಬರುತ್ತದೆ. ದಾರಿಯಲ್ಲಿ ಗಾಡಿಗಳ ಸದ್ದು, ಫ್ಯಾನಿನ ಸದ್ದು ಸೇರಿಕೊಂಡು ಪದಗಳನ್ನು ಕಿತ್ತುಕೊಳ್ಳುತ್ತವೆ. “ರಾಗ ಬರುತ್ತೆ, ಮಾತು ಬರಲ್ಲ,” ಎಂದು ಒಮ್ಮೆ ಅಣ್ಣನಿಗೆ ಹೇಳಿದ್ದಳು. “ಯಾರೋ ಅಳ್ತಿದಾರೆ ಅಂತ ಗೊತ್ತಾಗುತ್ತೆ. ಯಾರು, ಯಾಕೆ ಅಂತ ಗೊತ್ತಾಗಲ್ಲ.”

ಅಜ್ಜ ಒಂದು ಸಲ ತಾವಾಗಿಯೇ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು ಅವಳೊಬ್ಬಳಿಗೇ ಓದಿದ್ದರು. ಅವಳು ಕೈಮುಗಿದು ಕೇಳಿದಳು. ಹೋದ ಮೇಲೆ ಹೇಳಿದಳು, “ಔಷಧಿ ಕುಡಿಸಿದ ಹಾಗಾಯ್ತಣ್ಣ. ಅಷ್ಟು ಜನ ಒಟ್ಟಿಗೆ ಉಸಿರು ಹಿಡಿದು, ಒಟ್ಟಿಗೆ ಬಿಡ್ತಾರಲ್ಲ, ಅದರ ನಡುವೆ ಕೂರಬೇಕು.” ಲಿಫ್ಟಿನ ಮಾತು ಹುಟ್ಟಿದ್ದು ಅವತ್ತು. ಸಮಿತಿಯ ಮುಂದೆ ಅದನ್ನು ಇಟ್ಟವನು ಅಣ್ಣನೇ.

ಮುಂದಿನ ಸಭೆಯಲ್ಲಿ ಅವನು ಹೇಳಿದ. ಗಂಟಲು ಸರಿಮಾಡಿಕೊಂಡು, ಯಾರ ಮುಖವನ್ನೂ ನೋಡದೆ ಹೇಳಿದ. “ಲಿಫ್ಟು ಇಲ್ಲದ ಮಹಡಿ ಮೇಲೆ ಲಿಫ್ಟಿನ ಕಾರ್ಯಕ್ರಮ ಇಟ್ಟಿದೀವಿ. ಅವಳು ಬರೋದು ಹೇಗೆ?”

ಮೇಷ್ಟ್ರು ಹಣೆ ಚಚ್ಚಿಕೊಂಡರು. “ಹೌದಲ್ಲಯ್ಯಾ!” ಟೈಲರಮ್ಮ “ಅಯ್ಯೋ ನಮ್ಮ ಬುದ್ಧಿಗಿಷ್ಟು!” ಎಂದರು. ಮೈಕಿನವನು ತೊಡೆ ತಟ್ಟಿಕೊಂಡು ನಕ್ಕ. ತಪ್ಪು ಒಪ್ಪಿಕೊಂಡರಲ್ಲ, ಇನ್ನು ದಾರಿ ಸಿಕ್ಕಿತು ಎಂದು ಕನ್ನಡಕದವನಿಗೆ ಎದೆ ಹಗುರಾಯಿತು. ಆದರೆ ಒಪ್ಪಿಕೊಳ್ಳುವುದಕ್ಕೂ ಬದಲಾಯಿಸುವುದಕ್ಕೂ ಸಂಬಂಧವೇ ಇರಲಿಲ್ಲ.

“ಶಾಲೆ ಮೈದಾನ?” ಎಂದ.

“ಪರೀಕ್ಷೆ ನಡೀತಿದೆ.”

“ಬೀದೀಲೇ ಶಾಮಿಯಾನ ಹಾಕಿದ್ರೆ?”

“ಪೊಲೀಸರು ಮೈಕ್ ಹಾಕೋಕೆ ಬಿಡ್ತಾರಾ?” ಎಂದ ಮೈಕಿನವನು. “ನನ್ನ ಹೊಟ್ಟೆ ಮೇಲೆ ಹೊಡೀಬೇಡಿ.”

“ನಿನ್ನ ಗಂಟಲಿಗೆ ಮೈಕ್ ಯಾಕೆ ಬೇಕು?” ಎಂದರು ಟೈಲರಮ್ಮ.

ಮೇಷ್ಟ್ರು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಗೋಡೆಯ ಕಡೆ ಬೆರಳು ತೋರಿಸಿದರು. ವೇದಿಕೆಯ ಹಿಂದೆ ಆಳೆತ್ತರದ ಫೋಟೊ. ಪೇಟ ಸುತ್ತಿದ ಮುದುಕರೊಬ್ಬರು ಎಲ್ಲರ ತಲೆಯ ಮೇಲಿಂದ ಎಲ್ಲೋ ನೋಡುತ್ತಿದ್ದರು. ಸಿಮೆಂಟ್ ಸಾಹುಕಾರರ ತಂದೆ. ಸಭಾಂಗಣಕ್ಕೆ ಅವರದೇ ಹೆಸರು. “ಸಾಹುಕಾರರು ಫೋನ್ ಮಾಡಿದ್ರು. ನಾವು ಎಷ್ಟು ಎತ್ತುತ್ತೀವೋ ಅಷ್ಟೇ ತಾನೂ ಹಾಕ್ತೀನಿ ಅಂದಿದಾರೆ. ಆದ್ರೆ ಕಾರ್ಯಕ್ರಮ ಅವರಪ್ಪನ ಫೋಟೊ ಮುಂದೆ ಆಗಬೇಕು.”

“ಫೋಟೊ ಕೆಳಗೆ ತಂದ್ರೆ?” ಎಂದ ಕನ್ನಡಕದವನು. ಕೇಳಿದ ಕೂಡಲೇ ತನ್ನ ದನಿ ಎಷ್ಟು ಸಣ್ಣದೆಂದು ಅವನಿಗೇ ತಿಳಿಯಿತು.

“ಸತ್ತವರನ್ನ ಇಳಿಸೋದು ಸುಲಭ ಕಣಣ್ಣ,” ಎಂದ ಮೈಕಿನವನು. “ಬದುಕಿರೋರನ್ನ ಇಳಿಸೋದೇ ಕಷ್ಟ.”

“ಇನ್ನೂ ಒಂದಿದೆ,” ಎಂದರು ಮೇಷ್ಟ್ರು. ಈ ಸಲ ಅವರೂ ನೆಲ ನೋಡಿದರು. “ಆ ಹುಡುಗಿ ವೇದಿಕೆ ಮೇಲಿರಬೇಕು, ಎರಡು ಮಾತಾಡಬೇಕು ಅಂದ್ರು. ‘ಯಾರಿಗೆ ಕೊಟ್ಟೆ ಅಂತ ನನಗೂ ಕಾಣಬೇಕಲ್ಲ ಮೇಷ್ಟ್ರೇ’ ಅಂದ್ರು. ಅದಿಲ್ಲದಿದ್ರೆ ಅವರು ಬರಲ್ಲ. ಅವರು ಬರದಿದ್ರೆ ಲಿಫ್ಟು ಅರ್ಧಕ್ಕೇ ನಿಲ್ಲುತ್ತೆ. ಅರ್ಧ ಲಿಫ್ಟನ್ನ ಏನು ಮಾಡೋದು ಹೇಳು.”

“ಎತ್ಕೊಂಡು ಬಂದ್ರಾಯ್ತಪ್ಪ!” ಎಂದ ಮೈಕಿನವನು, ಇಷ್ಟಕ್ಕೆಲ್ಲ ಯಾಕೆ ಒದ್ದಾಟ ಎನ್ನುವ ಹಾಗೆ. “ನಮ್ಮ ಆಳುಗಳಿದಾರೆ. ಅಷ್ಟು ದೊಡ್ಡ ಸ್ಪೀಕರ್ ಹೊರ್ತಾರೆ. ನಿಮ್ಮ ತಂಗಿ ಏನು, ಹೂವು.”

ಕನ್ನಡಕದವನು ಬಾಯಿ ತೆರೆದ. ಆ ಕಡೆ ಫೋಟೊ, ಈ ಕಡೆ ಮೂವರ ಮುಖ. ಮೂವರೂ ಒಳ್ಳೆಯವರು. ಮೇಷ್ಟ್ರು ಬಿಸಿಲಲ್ಲಿ ಮನೆ ಮನೆ ಸುತ್ತಿ ಬಂದಿದ್ದರು. ಮೈಕಿನವನು ಬಿಡಿಗಾಸು ಬೇಡ ಎಂದಿದ್ದ. ಹೊದಿಕೆ ಹೊಲಿದು ಹೊಲಿದು ಟೈಲರಮ್ಮನ ಬೆರಳ ತುದಿಗೆ ಪಟ್ಟಿ ಸುತ್ತಿತ್ತು. ಕೆಟ್ಟವರಾಗಿದ್ದರೆ ಎದ್ದು ಜಗಳವಾಡಬಹುದಿತ್ತು.

“ಕೇಳಿ ನೋಡ್ತೀನಿ,” ಎಂದ.

ಅವನು ಮೊದಲು ಹೇಳಿದ್ದು ಹೆಂಡತಿಗೆ. ಅವಳು ತರಕಾರಿ ಹೆಚ್ಚುತ್ತಿದ್ದವಳು ಚಾಕು ನಿಲ್ಲಿಸಿದಳು.

“ಒಂದು ಸಲ ಎತ್ಕೊಂಡು ಹೋಗಿದ್ರಲ್ಲ, ಕಾಯಿಲೆ ಬಂದ ಹೊಸತರಲ್ಲಿ. ಆಮೇಲೆ ಅವಳು ಯಾಕೆ ಹೋಗಲಿಲ್ಲ ಗೊತ್ತಾ ನಿಮಗೆ?”

“ಸುಸ್ತಾಗುತ್ತೆ ಅಂದಿದ್ಲು.”

“ಸುಸ್ತು! ನಿಮಗೆ ಹೇಳಿದ ಮಾತು ಅದು.” ಅವಳು ಮತ್ತೆ ಹೆಚ್ಚತೊಡಗಿದಳು, ಮೊದಲಿಗಿಂತ ಜೋರಾಗಿ. “ಅವತ್ತು ಬೆಳಿಗ್ಗೆಯಿಂದ ಒಂದು ಗುಟುಕು ನೀರು ಕುಡೀಲಿಲ್ಲ ಅವಳು. ಮೇಲೆ ಹೋದ ಮೇಲೆ ಒಂದಕ್ಕೆ ಬಂದ್ರೆ ಯಾರನ್ನ ಕೇಳೋದು ಅಂತ. ಎತ್ತಿದ ಗಂಡಸರನ್ನಾ? ಆದ್ರೂ ನಡುವೆ ಅವಸರ ಆಯ್ತಂತೆ. ಅಜ್ಜ ಓದ್ತಾನೇ ಇದ್ರು, ಇವಳು ಹಲ್ಲು ಕಚ್ಕೊಂಡು ಕೂತಿದ್ಲು. ಒಂದು ಸಾಲೂ ಕಿವಿಗೆ ಬೀಳಲಿಲ್ಲ ಅತ್ತಿಗೆ, ಅಂದ್ಲು. ಎಲ್ಲರೂ ನನ್ನೇ ನೋಡ್ತಿದ್ರು, ಕೇಳ್ತಾ ಇದೀನಿ ಅಂತ ಮುಖ ಮಾಡ್ಕೊಂಡು ಕೂತಿದ್ದೆ, ಅಂದ್ಲು.”

“ನನಗೆ ಹೇಳಬಾರದಾ?”

“ಅಣ್ಣನಿಗೆ ಇದನ್ನೆಲ್ಲ ಹೇಳ್ತಾರೇನ್ರೀ?”

ಅವನು ನೀರಿನ ಲೋಟ ಕೈಗೆತ್ತಿಕೊಂಡು, ಕುಡಿಯದೆ, ಹಾಗೇ ಕೆಳಗಿಟ್ಟ.

ಮರುದಿನ ಮೈಕಿನವನು ಅಂಗಡಿಯ ಮುಂದೆ ಬಂದು, “ಸ್ವಲ್ಪ ಮೇಲೆ ಬನ್ನಿ, ಕೆಲಸ ಇದೆ” ಎಂದು ಕಣ್ಣು ಮಿಟುಕಿಸಿದ. ತಂಗಿ ಕಣ್ಣಾಸ್ಪತ್ರೆಗೆ ಗಾಜು ಕೊಡಲು ಅತ್ತಿಗೆಯ ಜೊತೆ ಹೋಗಿದ್ದಳು. ಮೆಟ್ಟಿಲ ಬುಡದಲ್ಲಿ ಕೈಯಿರುವ ಒಂದು ಗಟ್ಟಿ ಕುರ್ಚಿ, ಅದರ ಎರಡು ಪಕ್ಕಕ್ಕೂ ಬಿಗಿದ ಬಿದಿರು, ಪಕ್ಕದಲ್ಲಿ ಅವನ ಆಳುಗಳು.

“ನಿಮ್ಮ ತಂಗೀನ ಕೇಳೋದಕ್ಕಿಂತ ಮೊದಲು ನಾವು ಸರಿಯಾಗಿ ಕಲೀಬೇಕಲ್ಲ. ತೂಕದಲ್ಲಿ ನೀವೇ ಅವರಿಗೆ ಹತ್ತಿರ. ಕೂತ್ಕೊಳಿ.”

“ಏ, ಹೋಗ್ರೀ.”

“ಟೈಲರಮ್ಮನ್ನ ಕೂರಿಸಿದ್ರೆ ಬಿದಿರು ಮುರಿಯುತ್ತೆ.”

“ಕೇಳಿಸ್ತು ಕಣೋ!” ಎಂದು ಮೇಲಿನಿಂದ ಟೈಲರಮ್ಮ ಕೂಗಿದರು.

ಎಲ್ಲರೂ ನಕ್ಕರು. ನಗುನಗುತ್ತಲೇ ಅವನ ಭುಜ ಒತ್ತಿ ಕೂರಿಸಿದರು. ಸೊಂಟಕ್ಕೊಂದು ಬಟ್ಟೆಯ ಪಟ್ಟಿ ಬಿಗಿದರು. “ಹೇ, ಎತ್ತ್ರೋ!” ಎಂದ ಮೈಕಿನವನು. ನೆಲ ಕಾಲಿಂದ ಜಾರಿತು.

ಎಷ್ಟೋ ವರ್ಷ ಹತ್ತಿ ಇಳಿದ ಮೆಟ್ಟಿಲು ಅವನಿಗೆ ಗುರುತೇ ಸಿಗಲಿಲ್ಲ. ಕುರ್ಚಿ ಹಿಂದಕ್ಕೆ ಬಾಗಿದ್ದರಿಂದ ಮೆಟ್ಟಿಲಿನ ಬದಲು ಸೂರು ಕಾಣುತ್ತಿತ್ತು; ಸುಣ್ಣ ಎದ್ದ ಜಾಗ, ಜೇಡರ ಬಲೆ, ಯಾರದೋ ಗಲ್ಲದ ಕೆಳಭಾಗ. ಕಿವಿಯ ಹತ್ತಿರವೇ ಯಾರೋ ಏದುಸಿರು ಬಿಡುತ್ತಿದ್ದರು. ಯಾರದೋ ಕೈ ತೊಡೆಯ ಕೆಳಗೆ ಬಂತು, ಹೋಯಿತು, ಮತ್ತೆ ಬಂತು. ತನ್ನ ಕೈಗಳನ್ನು ಎಲ್ಲಿಡಬೇಕೆಂದು ಗೊತ್ತಾಗದೆ ಮಡಿಲಲ್ಲಿ ಇಟ್ಟುಕೊಂಡ.

ತಿರುವಿನಲ್ಲಿ ಕುರ್ಚಿ ಗೋಡೆಗೆ ತಾಗಿ ಒಂದು ಕಡೆಗೆ ವಾಲಿತು. ಅವನು ಎಡಗಡೆಯವನ ಕೊರಳು ಹಿಡಿದುಕೊಂಡ.

“ಅಲುಗಾಡಬೇಡಿ ಸಾರ್!”

“ಇಳಿಸಿ. ನಾನು ನಡ್ಕೊಂಡು ಬರ್ತೀನಿ.”

“ನಿಮಗೀಗ ಕಾಲಿಲ್ಲ ಸಾರ್, ಸುಮ್ನೆ ಕೂತ್ಕೊಳಿ,” ಎಂದ ಎಡಗಡೆಯ ಆಳು. ಹಿಂದಿನವರು ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕರು. ನಗುವಿಗೆ ಕುರ್ಚಿ ಕುಲುಕಿತು.

ಅಷ್ಟರಲ್ಲಿ ಮೈಕಿನವನ ಫೋನು ಹೊಡೆದುಕೊಂಡಿತು. “ಒಂದ್ನಿಮಿಷ, ಇಡ್ರೋ” ಎಂದು ಕುರ್ಚಿಯನ್ನು ತಿರುವಿನ ಪುಟ್ಟ ಕಟ್ಟೆಯ ಮೇಲೆ ಇಳಿಸಿ, ಯಾವುದೋ ಮದುವೆಯ ದೀಪದ ಲೆಕ್ಕ ಮಾತಾಡುತ್ತ ಕೆಳಗೆ ಹೋದ. ಆಳುಗಳು ಬೆವರೊರೆಸಿಕೊಳ್ಳುತ್ತ ಮೆಟ್ಟಿಲ ಮೇಲೆ ಕೂತು ತಮ್ಮ ಊಟದ ಮಾತಿಗೆ ಇಳಿದರು. ಅವನು ನಡುವೆ, ಮೇಲೂ ಅಲ್ಲದ ಕೆಳಗೂ ಅಲ್ಲದ ಕಡೆ, ಪಟ್ಟಿ ಬಿಗಿದುಕೊಂಡು ಕೂತಿದ್ದ. ಪಟ್ಟಿಯ ಗಂಟು ಕುರ್ಚಿಯ ಹಿಂದೆ ಇತ್ತು, ಕೈ ಎಟುಕಲಿಲ್ಲ. ಬಿಚ್ಚಿ ಎನ್ನಬಹುದಿತ್ತು. ಅದರ ಬದಲು ಆಳುಗಳ ಊಟದ ಮಾತನ್ನೇ ಕೇಳುತ್ತ ಕೂತ. ಮೇಲಿನಿಂದ ಟೈಲರಮ್ಮ ಇಳಿದು ಬಂದರು. ಅವನ ಮಂಡಿಗೂ ಗೋಡೆಗೂ ನಡುವೆ ಹೊಟ್ಟೆ ಎಳೆದುಕೊಂಡು ದಾಟಿದರು. ದಾಟುವಾಗ ಅವನ ತಲೆಯನ್ನು ಮಗುವಿನ ತಲೆ ಸವರಿದ ಹಾಗೆ ಸವರಿ, “ಪಾಪ” ಎಂದರು.

ತಮಾಷೆಗೇ ಅಂದದ್ದು. ಅವನ ಕಣ್ಣು ತುಂಬಿ ಬಂತು.

ಮೇಲೆ ಮುಟ್ಟಿದಾಗ ಮೇಷ್ಟ್ರು ಚಪ್ಪಾಳೆ ತಟ್ಟಿದರು. “ನೋಡಿದೆಯೇನಯ್ಯಾ, ಎಷ್ಟು ಸಲೀಸು! ಹೋಗು, ಇವತ್ತೇ ಕೇಳಿಬಿಡು. ಸಾಹುಕಾರರಿಗೆ ಸಂಜೆಯೊಳಗೆ ಹೇಳಬೇಕು.”

“ಮೇಷ್ಟ್ರೇ,” ಎಂದ ಅವನು, “ಅವಳಿಗೆ ಇದು ಬೇಡ ಅನ್ಸುತ್ತೆ.”

“ಬೇಡ ಅಂದ್ಲಾ?”

“ಇನ್ನೂ ಕೇಳಿಲ್ಲ.”

“ಕೇಳದೇನೇ ನೀನೇ ಬೇಡ ಅಂದ್ರೆ ಹೇಗೆ? ಅವಳ ಬಾಯಿಂದ ಬರಲಿ. ಅಲ್ಲಯ್ಯಾ, ಅವಳ ಒಳ್ಳೇದಕ್ಕೇ ಅಲ್ವಾ? ಒಂದು ಸಂಜೆ ಸಹಿಸ್ಕೊಂಡ್ರೆ ಜನ್ಮವಿಡೀ ತಾನಾಗೇ ಮೇಲೆ ಬರಬಹುದು.”

ಮೇಷ್ಟ್ರು ಹೇಳಿದ್ದು ಸುಳ್ಳಲ್ಲ. ಹೆಂಡತಿ ಹೇಳಿದ್ದೂ ಸುಳ್ಳಲ್ಲ. ಎರಡು ನಿಜಗಳನ್ನೂ ಹೊತ್ತುಕೊಂಡು ಅವನು ಮೆಟ್ಟಿಲಿಳಿದ.

ತಂಗಿ ವಾಪಸು ಬಂದು ಮೇಜಿಗೆ ಸೇರಿದ್ದಳು. ಮಗುವಿನ ಕನ್ನಡಕವೊಂದಕ್ಕೆ ಎಳ್ಳಿಗಿಂತ ಸಣ್ಣ ತಿರುಪು ಕೂರಿಸುತ್ತಿದ್ದಳು. ಅವನು ಅವಳ ಪಕ್ಕದ ಸ್ಟೂಲು ಎಳೆದು ಕೂತ. ಕೆಲಸವಿಲ್ಲದಿದ್ದರೂ ಒಂದು ಫ್ರೇಮು ಕೈಗೆತ್ತಿಕೊಂಡು ಒರೆಸತೊಡಗಿದ.

“ಅಂಗಿಯೆಲ್ಲ ಸುಣ್ಣ,” ಎಂದಳು ಅವಳು, ತಲೆ ಎತ್ತದೆ.

“ಗೋಡೆಗೆ ತಾಗ್ತು.”

“ನಿನ್ನ ಎತ್ಕೊಂಡು ಹೋದ್ರಂತೆ. ಟೈಲರಮ್ಮ ಬೀದಿಗೆಲ್ಲ ಹೇಳ್ಕೊಂಡು ಬರ್ತಿದ್ರು.”

ಮೇಲೆ ಪದ್ಯದಜ್ಜ ಬಂದಿದ್ದರೆಂದು ಕಾಣುತ್ತದೆ; ಕಾರ್ಯಕ್ರಮಕ್ಕಾಗಿ ದನಿ ಕೂಡಿಸಿಕೊಳ್ಳುತ್ತಿದ್ದರು. ಎಳೆದು ಬಿಟ್ಟ ಒಂದು ರಾಗ ಮೆಟ್ಟಿಲಿಳಿದು ಅಂಗಡಿಯೊಳಗೆ ಬಂತು. ತಂಗಿಯ ಕೈ ನಿಂತಿತು. ತುಟಿ ಅಲುಗಿತು, ಪದಗಳನ್ನು ತಾನೇ ತುಂಬಿಸಿಕೊಳ್ಳುವಂತೆ. ಒಂದು ಲಾರಿ ಹಾದುಹೋಯಿತು. ಅವಳು ಕಾದಳು. ರಾಗ ಮತ್ತೆ ಬರುವಷ್ಟರಲ್ಲಿ ಬೇರೆ ಕಡೆಗೆ ಹೋಗಿತ್ತು.

“ಯಾವ ಭಾಗ ಓದ್ತಾರಂತೆ?” ಎಂದು ಕೇಳಿದಳು.

“ನಿನಗೆ ಬೇಕು ಅಂದಿದ್ದೇ. ತಾಯಿ ನದಿ ದಂಡೇಲಿ ದೋಣಿ ಕಾಯೋದು. ನಿನಗೋಸ್ಕರ ಅಂತಾನೇ ಅದನ್ನ ಇಟ್ಕೊಂಡಿದಾರೆ.”

“ಹೂಂ.” ತಿರುಪು ಬೆರಳಿಂದ ಜಾರಿ ಮೇಜಿನ ಮೇಲೆ ಬಿತ್ತು. ಹುಡುಕಿ ಎತ್ತಿಕೊಂಡಳು. “ಅವರಿಗೆ ನೀನು ಏನಂದೆ?”

“ಕೇಳ್ತೀನಿ ಅಂದೆ.”

“ಹಾಗಾದ್ರೆ ಕೇಳು.”

“ನಿನಗೆ ಗೊತ್ತಲ್ಲಮ್ಮ.”

“ಗೊತ್ತು. ಆದ್ರೂ ನೀನು ಕೇಳಬೇಕು. ಬಾಯಿಬಿಟ್ಟು ಕೇಳು.”

ಅವನು ಫ್ರೇಮನ್ನು ಕೆಳಗಿಟ್ಟ. ಮೈಮೇಲೆ ಇನ್ನೂ ಆ ಪಟ್ಟಿ ಬಿಗಿದಂತೆಯೇ ಇತ್ತು. ಕೇಳಬಾರದೆಂದು ಗೊತ್ತಿದ್ದೂ, ಕೇಳದೆ ಎದ್ದು ಹೋಗುವ ಶಕ್ತಿ ಅವನಲ್ಲಿರಲಿಲ್ಲ. ಲಿಫ್ಟು ಬೇಡವೆಂದು ಅವಳ ಪರವಾಗಿ ಹೇಳಿ ಬರುವ ಹಕ್ಕೂ ತನಗಿದೆ ಎನ್ನಿಸಲಿಲ್ಲ.

“ಒಂದೇ ಒಂದು ಸಂಜೆ,” ಎಂದ. ದನಿ ಒಡೆಯಿತು. “ನಿನ್ನ ಅತ್ತಿಗೆ ಪಕ್ಕದಲ್ಲೇ ಇರ್ತಾಳೆ. ನಾನೂ ಒಂದು ಕಡೆ ಹಿಡ್ಕೋತೀನಿ, ಬೇರೆಯವರ ಕೈಗೆ ಬಿಡಲ್ಲ. ವೇದಿಕೆ ಮೇಲೆ ಎರಡೇ ಮಾತು. ಅಷ್ಟಾದ್ರೆ ಸಾಹುಕಾರರು ಕೊಡ್ತಾರೆ, ಲಿಫ್ಟು ಬರುತ್ತೆ. ಬರದಿದ್ರೆ…” ಅದನ್ನು ಅಲ್ಲಿಗೇ ಬಿಟ್ಟ. “ನನಗೋಸ್ಕರ ಬಾರಮ್ಮ. ನಾನು ಇದುವರೆಗೂ ನಿನ್ನ ಏನೂ ಕೇಳಿಲ್ಲ.”

ಅವಳು ಮಗುವಿನ ಕನ್ನಡಕವನ್ನು ಮಡಿಸಿ ಪೆಟ್ಟಿಗೆಯೊಳಗಿಟ್ಟಳು. ಮುಚ್ಚಳ ಹಾಕಿದಳು. ಆಮೇಲೆ ಅವನ ಕಡೆ ಪೂರ್ತಿ ತಿರುಗಿ, ಅವನ ಭುಜದ ಸುಣ್ಣವನ್ನು ಕೈಯಿಂದ ಕೊಡವಿದಳು. ಮೇಲಿನಿಂದ ರಾಗ ಬರುತ್ತಲೇ ಇತ್ತು.

“ಇಲ್ಲ ಅಣ್ಣ,” ಎಂದಳು. “ನಾನು ಬರಲ್ಲ.”